ನೇರಳೆ ಮುದ್ರೆ

ಮಧುರೈ ಜೈಲಿನ ಎದುರಿನ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಭೇಟಿ ಮುಗಿಸಿ ಬಂದ ಅತ್ತೆ ಸೊಸೆ ಪಕ್ಕದಲ್ಲೇ ಕೂತರು. ಒಳಗೆ ಹೋಗುವವರ ಕೈಗೆ ಗೇಟಿನಲ್ಲಿ ಒತ್ತುವ ನೇರಳೆ ಮುದ್ರೆಯನ್ನು ಸೊಸೆ ನಿಂಬೆ ಹೋಳಿನಿಂದ ಉಜ್ಜತೊಡಗಿದಳು.

"ಅತ್ತೆ, ಕೈ ಕೊಡಿ. ನಿಮ್ಮದನ್ನೂ ಅಳಿಸ್ತೀನಿ."

"ನನ್ನದು ಇರ್ಲಿ ಬಿಡು."

"ಹೋದ ತಿಂಗಳೂ ಹೀಗೇ ಅಂದ್ರಿ. ನೀರು ಸೋಕಬಾರದು ಅಂತ ನಾಲ್ಕು ದಿನ ಎಡಗೈಯಲ್ಲಿ ಅನ್ನ ತಿಂದ್ರಿ."

"ಗಾಜಿನ ಆಚೆ ಅವನು ಕೈ ಇಟ್ಟಾಗ, ಈಚೆ ಇಟ್ಟಿದ್ದು ಇದೇ ಕೈ ಕಣೆ, ವಾಸುಕಿ. ಮುಟ್ಟೋಕಂತೂ ಬಿಡಲ್ಲ. ಇಷ್ಟಾದ್ರೂ ಇರ್ಲಿ."

ಸೊಸೆ ತನ್ನ ಕೈಯನ್ನೇ ಮತ್ತೆ ಉಜ್ಜಿಕೊಂಡಳು.

"ನಿಮ್ಮ ಮೊಮ್ಮಗಳು ಅದನ್ನ ನೋಡಿ, ತನ್ನ ಕೈಮೇಲೂ ಪೆನ್ನಲ್ಲಿ ಬರ್ಕೊಂಡು ಸ್ಕೂಲಿಗೆ ಹೋಗಿದ್ಲು, ಅತ್ತೆ."

"ಯಾಕಂತೆ?"

"ಇದಿದ್ರೆ ಅಪ್ಪನ್ನ ನೋಡೋಕೆ ಬಿಡ್ತಾರೆ ಅಂತ. ಕ್ಲಾಸಲ್ಲಿ ಎಲ್ಲರಿಗೂ ತೋರಿಸಿದ್ಲಂತೆ."

ಮುದುಕಿ ತನ್ನ ಕೈ ನೋಡಿಕೊಂಡಳು. ಆಮೇಲೆ ಅದನ್ನು ಸೊಸೆಯ ಮಡಿಲಲ್ಲಿ ಇಟ್ಟಳು.

"ಮೆಲ್ಲಗೆ ಉಜ್ಜು."

ಬಸ್ಸು ಬಂತು. ಏಳುವಾಗ ಸೊಸೆ ಉಳಿದ ನಿಂಬೆ ಹೋಳನ್ನು ನನ್ನ ಕಡೆ ಸರಿಸಿ ಹೋದಳು. ನಾನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದ ಕೈಯನ್ನು ಅವಳು ಯಾವಾಗ ನೋಡಿದ್ದಳೋ.