ಒಪ್ಪತ್ತಿನ ಸಾಹುಕಾರ

ಇಷ್ಟು ಹೊತ್ತು 'ಮಿತ' ಎನ್ನುವ ಎರಡಕ್ಷರದ ಮಾತನ್ನು ಬಿಡಿಸಿ ಹೇಳುತ್ತಿದ್ದೆ. ಮಠದ ಕಂಬಕ್ಕೆ ಒರಗಿ ಕೂತ ಇಬ್ಬರು ಆಕಳಿಸಿದ್ದೂ ಕಾಣಿಸಿತು. ಅವರ ತಪ್ಪಲ್ಲ. ಮಿತದ ಬಗ್ಗೆ ಅಮಿತವಾಗಿ ಮಾತಾಡಿದರೆ ಯಾರಿಗಾದರೂ ನಿದ್ದೆ ಬರುತ್ತದೆ. ಒಂದು ಕಥೆ ಹೇಳುತ್ತೇನೆ, ಸ್ವಲ್ಪ ನೆಟ್ಟಗೆ ಕೂತುಕೊಳ್ಳಿ.

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಯಾವ ಪೇಟೆ, ಅವನ ಹೆಸರೇನು ಎಂದು ಕೇಳಬೇಡಿ. ಹೇಳಿದರೆ ನಿಮ್ಮಲ್ಲೇ ನಾಲ್ಕು ಜನ ಎದ್ದು ನಿಂತು 'ನನ್ನನ್ನೇ ಅಂದರು' ಎನ್ನುತ್ತೀರಿ. ಸಾಹುಕಾರ ಎಂದು ಕರೆಯೋಣ, ಸಾಕು. ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಜವಳಿ ಅವನ ಅಂಗಡಿಯದೇ. ಬೆಳಿಗ್ಗೆ ಗಾದಿಯ ಮೇಲೆ ಕಾಲು ಮಡಿಸಿ ಕೂತರೆ ಅಂಗಡಿ ಬಾಗಿಲು ಹಾಕುವಾಗಲೇ ಏಳುವುದು. ಒಳ್ಳೆಯ ಮನುಷ್ಯ. ಬೀಡಿಯಿಲ್ಲ, ಕುಡಿತವಿಲ್ಲ, ಹೋಟೆಲಿನ ಮೆಟ್ಟಿಲು ಹತ್ತಿದವನಲ್ಲ. ದೈವಭಕ್ತ. ಸೋಮವಾರ ಬಂತೆಂದರೆ ಒಪ್ಪತ್ತು. ಒಪ್ಪತ್ತು ಎಂದರೇನು? ದಿನಕ್ಕೆ ಒಂದೇ ಹೊತ್ತು ಊಟ. ನಿಮಗೆ ನಾನು ಹೇಳಬೇಕಾಗಿಲ್ಲ, ನಿಮ್ಮಲ್ಲಿ ಅರ್ಧ ಜನ ಮಾಡುತ್ತೀರಿ.

ಇಂಥವನಿಗೆ ಸಕ್ಕರೆ ಕಾಯಿಲೆ ಬಂತು.

ಅವನಿಗೆ ಕಾಯಿಲೆಗಿಂತ ಅವಮಾನವೇ ಹೆಚ್ಚಾಯಿತು. ಕಂಡಕಂಡಲ್ಲಿ ತಿನ್ನುವವರು ಗುಂಡುಕಲ್ಲಿನ ಹಾಗೆ ಓಡಾಡುತ್ತಿದ್ದಾರೆ, ಬಾಯಿ ಕಟ್ಟಿ ಬದುಕಿದ ನನಗೆ ಇದೇಕೆ ಎಂದು ಒಳಗೊಳಗೇ ನೊಂದುಕೊಂಡ. ಆದರೂ ಹಟಗಾರ. ಡಾಕ್ಟರು ಕೊಟ್ಟ ಮಾತ್ರೆಯನ್ನು ತಪ್ಪದೆ ನುಂಗಿದ. ಕಾಯಿಲೆಯ ಹೆಸರಿನಲ್ಲೇ ಸಕ್ಕರೆ ಇದೆಯಲ್ಲ, ಆದ್ದರಿಂದ ಮನೆಗೆ ಸಕ್ಕರೆ ತರುವುದನ್ನೇ ನಿಲ್ಲಿಸಿದ. ಪಕ್ಕದ ಅಂಗಡಿಯವನು, "ಬೆಲ್ಲ ಬಳಸಿ ಸಾಹುಕಾರ್ರೇ, ಬೆಲ್ಲ ಏನೂ ಮಾಡಲ್ಲ. ಸಕ್ಕರೆ ಕಾರ್ಖಾನೇದು, ಬೆಲ್ಲ ನಮ್ಮ ಆಲೆಮನೇದು" ಎಂದ. ಎಷ್ಟು ಚೆನ್ನಾಗಿದೆ ನೋಡಿ ಮಾತು! ಕಬ್ಬು ಒಂದೇ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ಕಾಫಿಗೆ ಬೆಲ್ಲ ಬಿತ್ತು. ಬೆಳಗಾಗೆದ್ದು ಹಾಗಲಕಾಯಿ ರಸ ಕುಡಿದ. ಕಹಿ ಕುಡಿದೆ, ಇನ್ನು ಸಿಹಿ ಇಳಿಯಲೇಬೇಕು ಎಂದುಕೊಂಡ.

ಇಳಿಯಲಿಲ್ಲ.

ಒಂದು ಸಲ ಹೊಸ ಚಪ್ಪಲಿ ಕಚ್ಚಿ ಎಡಗಾಲಿನ ಕಿರುಬೆರಳಲ್ಲಿ ಬೊಕ್ಕೆ ಎದ್ದಿತು. ನಮಗೆ ನಿಮಗೆ ಆದರೆ ಮರೆತೇ ಹೋಗುವಂಥದ್ದು. ಅವನಿಗೆ ಮಾಯಲಿಲ್ಲ. ಬೊಕ್ಕೆ ಒಡೆದು ಗಾಯವಾಯಿತು, ಗಾಯ ಆಳವಾಯಿತು. ನೋವೂ ಅಷ್ಟಾಗಿ ಇರಲಿಲ್ಲ, ಅದೇ ಮೋಸ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಕಾಲಿಗೆ ಸುತ್ತಿದ ಬಟ್ಟೆ ಬಿಚ್ಚಿ ನೋಡುತ್ತಿದ್ದ. ಬೆರಳಿನ ಅಂಚು ಕಪ್ಪಗಾಗುತ್ತಿತ್ತು. ಆ ಮನುಷ್ಯನಿಗೆ ಭಯವಾಯಿತು, ಜೀವಮಾನದಲ್ಲಿ ಹಿಂದೆಂದೂ ಆಗದಷ್ಟು ಭಯ.

ಆ ಪೇಟೆಯ ಆಸ್ಪತ್ರೆಗೆ ಆಗಷ್ಟೇ ಒಬ್ಬ ಡಾಕ್ಟರಮ್ಮ ಬಂದಿದ್ದರು. ಕೇರಳದವರು. ಕನ್ನಡವನ್ನು ರೋಗಿಗಳ ಬಾಯಿಂದಲೇ ಕಲಿಯುತ್ತಿದ್ದರು. ಗಾಯ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಮುಚ್ಚುಮರೆಯಿಲ್ಲದೆ ಹೇಳಿದರು, "ಸಕ್ಕರೆ ಇಳಿಯದೆ ಈ ಗಾಯ ಒಣಗಲ್ಲ. ಹೀಗೇ ಹೋದ್ರೆ ಬೆರಳು ತೆಗೀಬೇಕು. ಆಮೇಲೆ ಪಾದ ಕೂಡ ಹೋಗಬಹುದು."

ಸಾಹುಕಾರ ಕಾಲನ್ನು ಪಂಚೆಯೊಳಗೆ ಎಳೆದುಕೊಂಡ.

"ದಿನಾ ಎಷ್ಟು ಸಲ ಊಟ ಮಾಡ್ತೀರಿ?" ಎಂದು ಕೇಳಿದರು.

"ಒಂದೇ ಹೊತ್ತು ತಾಯಿ. ಮುಂಚೆ ಸೋಮವಾರ ಮಾತ್ರ ಮಾಡ್ತಿದ್ದೆ. ಕಾಲಿಗೆ ಹಿಂಗಾದ ಮೇಲೆ ಹರಕೆ ಹೊತ್ತಿದೀನಿ. ಈಗ ದಿನಾ ಒಪ್ಪತ್ತೇ."

ಡಾಕ್ಟರಮ್ಮ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ದಿನಕ್ಕೆ ಒಂದೇ ಸಲ ತಿನ್ನುವವನಿಗೆ ಇಷ್ಟು ಸಕ್ಕರೆಯೇ? ಔಷಧ ಹೆಚ್ಚು ಮಾಡೋಣವೆಂದರೆ ಅವರಿಗೇ ಅಳುಕು. ಹಸಿದ ಹೊಟ್ಟೆಯವನಿಗೆ ಔಷಧ ಏರಿಸಿದರೆ ಸಕ್ಕರೆ ಒಮ್ಮೆಲೇ ಪಾತಾಳಕ್ಕಿಳಿದು ಜೀವಕ್ಕೇ ಕುತ್ತು. ಹಾಗಾಗಿ ಔಷಧ ಏರಿಸಲಿಲ್ಲ. ಏರಿಸದಿದ್ದರಿಂದ ಗಾಯ ಮಾಯಲಿಲ್ಲ. ನೋಡಿ, ಒಂದು ಕಾಲು ಹೋಗುವುದೋ ಉಳಿಯುವುದೋ ಎನ್ನುವುದು ಎಲ್ಲಿಗೆ ಬಂದು ನಿಂತಿತು? 'ಊಟ' ಎನ್ನುವ ಒಂದು ಮಾತಿನ ಮೇಲೆ.

ಮನೆಗೆ ಬಂದಾಗ ಹೆಂಡತಿ ಕೇಳಿದಳು, "ಏನಂದ್ರು?"

"ಏನಿಲ್ಲ. ಮುಲಾಮು ಕೊಟ್ಟಿದ್ದಾರೆ."

ಆಕೆ ನಂಬಿದಳು. ಆದರೆ ಆಕೆಗೆ ಬೇರೆಯೇ ಚಿಂತೆ. ದಿನಾ ಒಪ್ಪತ್ತು ಮಾಡಿ ಈ ಜೀವ ಎಷ್ಟು ಸೊರಗಬೇಕು!

ಶ್ರಾವಣದ ಕೊನೆಯ ಸೋಮವಾರ ಬಂತು. ಮನೆಯಲ್ಲಿ ಪೂಜೆ. ಕಾಲು ನೋಡುತ್ತಿರುವವರು ಎಂದು ಡಾಕ್ಟರಮ್ಮನನ್ನೂ ಕರೆದರು. ಸಂಜೆ ಅವರು ಬಂದರು, ಪಟ್ಟಿ ಬದಲಿಸಿಬಿಡೋಣ ಎಂದು ಚೀಲವನ್ನೂ ತಂದರು. ಪೂಜೆ ಮುಗಿಯಿತು. ಗಂಡನ ಪಕ್ಕದಲ್ಲೇ ಅವರಿಗೂ ಎಲೆ ಹಾಕಿ ಮನೆಯಾಕೆ ಸಂಕೋಚದಿಂದ ಹೇಳಿದಳು, "ಬೇಜಾರು ಮಾಡ್ಕೋಬೇಡಿ ಡಾಕ್ಟರಮ್ಮ. ಇವತ್ತು ಊಟ ಇಲ್ಲ. ಬರೀ ಫಲಾರ."

ಫಲಾಹಾರ! ಆ ಮಾತಿನ ಅರ್ಥ ಡಾಕ್ಟರಮ್ಮನಿಗೆ ಗೊತ್ತಿತ್ತು. ಹಣ್ಣು ಕೊಡುತ್ತಾರೆ, ಒಳ್ಳೆಯದೇ ಆಯಿತು ಎಂದುಕೊಂಡರು.

ಬಂತು ಫಲಾಹಾರ. ಮೊದಲು ಉಪ್ಪಿಟ್ಟು. ಅದರ ಬೆನ್ನಿಗೆ ಗೊಜ್ಜವಲಕ್ಕಿ. ಕಾವಲಿಯಿಂದ ನೇರ ಎಲೆಗೆ ದೋಸೆ, ಒಂದಾದ ಮೇಲೆ ಒಂದು. ಸಬ್ಬಕ್ಕಿ ಪಾಯಸ. "ಬೆಲ್ಲದ್ದೇ ಡಾಕ್ಟರಮ್ಮ, ಸಕ್ಕರೆ ಮುಟ್ಟೇ ಇಲ್ಲ" ಎಂದು ಆಕೆ ಗಂಡನ ಎಲೆಗೆ ಎರಡನೇ ಸೌಟು ಬಡಿಸಿದಳು. "ಒಪ್ಪತ್ತಿನೋರು ನೀವು, ಹೊಟ್ಟೆ ತುಂಬಾ ತಿನ್ನಿ."

ಡಾಕ್ಟರಮ್ಮ ಎಲೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. "ಇದರಲ್ಲಿ ಫಲ ಎಲ್ಲಿ?"

"ಅಯ್ಯೋ, ರಸಾಯನ ಮರೆತೇ ಬಿಟ್ಟಿದ್ದೆ!" ಎಂದು ಮನೆಯಾಕೆ ಒಳಗೆ ಓಡಿದಳು. ಬಾಳೆಹಣ್ಣು ಬಂತು, ಬೆಲ್ಲ ತೆಂಗಿನಹಾಲಿನ ಜೊತೆ.

ನಗಬೇಡಿ. ನಿಮ್ಮ ಮನೆಯದೇ ಹೇಳುತ್ತಿದ್ದೇನೆ. ಫಲಾಹಾರದಿಂದ ಫಲ ಯಾವತ್ತೋ ಹೋಯಿತು. ಆಮೇಲೆ ನಾಲಿಗೆಯಿಂದ 'ಹಾ' ಕೂಡ ಜಾರಿ 'ಫಲಾರ' ಆಯಿತು. ಉಳಿದದ್ದು ಉಪ್ಪಿಟ್ಟು.

ಡಾಕ್ಟರಮ್ಮ ಸಾಹುಕಾರನನ್ನು ಕೇಳಿದರು, "ಇದು ದಿನಾ ಇರುತ್ತಾ?"

"ಇಷ್ಟೆಲ್ಲ ಎಲ್ಲಿ ತಾಯಿ! ದಿನಾ ರಾತ್ರಿ ಉಪ್ಪಿಟ್ಟೋ ದೋಸೆನೋ, ಒಂದು ಲೋಟ ಹಾಲು."

"ಬೆಳಿಗ್ಗೆ?"

"ಬೆಳಿಗ್ಗೆ ತಿಂಡಿ."

"ಸಂಜೆ?"

"ಕಾಫಿ ಜೊತೆ ಅವಲಕ್ಕಿ, ಕೋಡುಬಳೆ, ಹಿಂಗೇ ಬಾಯಾಡಿಸೋಕೆ."

"ಆದರೆ ನೀವು ಒಂದೇ ಸಲ ಊಟ ಅಂದ್ರಿ."

"ಹೌದಲ್ಲ ತಾಯಿ, ಮಧ್ಯಾಹ್ನ ಒಂದೇ ಹೊತ್ತು."

"ಇದು ಊಟ ಅಲ್ವಾ?"

ಮನೆಮಂದಿಯೆಲ್ಲ ನಕ್ಕರು. ಪಾಪ, ಹೊರಗಿನವರು, ಗೊತ್ತಿಲ್ಲ. ಸಾಹುಕಾರನೂ ನಗುತ್ತಲೇ ಹೇಳಿದ, "ಉಪ್ಪಿಟ್ಟು ಊಟ ಹೆಂಗಾಗುತ್ತೆ ತಾಯಿ?"

ಡಾಕ್ಟರಮ್ಮ ನಗಲಿಲ್ಲ, ಗದರಲೂ ಇಲ್ಲ. ಚೀಲದಿಂದ ಸಕ್ಕರೆ ನೋಡುವ ಸಣ್ಣ ಯಂತ್ರ ತೆಗೆದು ಅವನ ಬೆರಳಿಗೆ ಚುಚ್ಚಿ ರಕ್ತದ ಹನಿ ಇಟ್ಟರು. ಬಂದ ಅಂಕಿಯನ್ನು ಅವನಿಗೇ ತೋರಿಸಿದರು. "ಈಗ ದಿನಾ ಹೇಗೆ ತಿನ್ತೀರೋ ಹಾಗೇ ತಿನ್ನಿ. ಎರಡು ಗಂಟೆ ಕಳೆದು ಇನ್ನೊಂದು ಸಲ ನೋಡೋಣ. ನಾನು ಹೇಳಿದೆ ಅಂತ ನಂಬಬೇಡಿ. ನೀವೇ ನೋಡಿ." ತಾವೂ ಎಲೆಯಲ್ಲಿದ್ದುದನ್ನು ಸ್ವಲ್ಪ ತಿಂದರು.

ಆ ನಡುವಿನ ಹೊತ್ತಿನಲ್ಲಿ ಅವನ ಕಾಲಿನ ಪಟ್ಟಿ ಬಿಚ್ಚಿದರು. ಬಿಸಿನೀರು ತಂದ ಹೆಂಡತಿ ಆ ಗಾಯವನ್ನು ಮೊದಲ ಸಲ ಕಂಡಳು. ಪಾತ್ರೆ ಕೆಳಗಿಟ್ಟು ಗಂಡನ ಕಡೆ ತಿರುಗಿದಳು.

"ಏನಿಲ್ಲ ಅಂದ್ರಲ್ಲ ನೀವು? ಮುಲಾಮು ಅಂದ್ರಲ್ಲ?"

ಸಾಹುಕಾರ ತಲೆ ತಗ್ಗಿಸಿದ.

ಎರಡು ಗಂಟೆಯಾಯಿತು. ಮತ್ತೆ ಚುಚ್ಚಿದರು. ಅವನೇ ಕನ್ನಡಕ ಹಾಕಿಕೊಂಡು ಓದಿದ. ಮೊದಲೇ ಹೆಚ್ಚಿದ್ದುದು ಈಗ ಹತ್ತಿರ ಹತ್ತಿರ ಎರಡರಷ್ಟಾಗಿತ್ತು.

"ಯಂತ್ರ ಕೆಟ್ಟಿರಬೇಕು" ಎಂದ.

ಡಾಕ್ಟರಮ್ಮ ಸೂಜಿ ಬದಲಿಸಿ ತಮ್ಮ ಬೆರಳಿಗೇ ಚುಚ್ಚಿಕೊಂಡು ತೋರಿಸಿದರು. ಅವರೂ ಅದೇ ಅಡುಗೆಯನ್ನು ಉಂಡವರು, ಅವರದು ಸರಿಯಾಗಿಯೇ ಇತ್ತು. ಯಂತ್ರ ಕೆಟ್ಟಿರಲಿಲ್ಲ. ಆ ಯಂತ್ರಕ್ಕೆ ಸೋಮವಾರ ಗೊತ್ತಿರಲಿಲ್ಲ, ಶ್ರಾವಣ ಗೊತ್ತಿರಲಿಲ್ಲ, ಬೆಲ್ಲ ಬೇರೆ ಸಕ್ಕರೆ ಬೇರೆ ಎನ್ನುವುದಂತೂ ಗೊತ್ತೇ ಇರಲಿಲ್ಲ.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಂಗಾದ್ರೆ ನನ್ನ ಕೈಯಾರೆ ನಾನೇ ಇವರಿಗೆ..."

"ಇಲ್ಲ ಅಮ್ಮ" ಎಂದರು ಡಾಕ್ಟರಮ್ಮ. "ನೀವು ಪ್ರೀತಿಯಿಂದ ಬಡಿಸಿದ್ರಿ. ಅವರೂ ಸುಳ್ಳು ಹೇಳಿಲ್ಲ. ನನಗೆ ಕನ್ನಡ ಸ್ವಲ್ಪ ಸ್ವಲ್ಪ ಬರುತ್ತೆ. ಊಟ ಅಂದ್ರೆ ತಿನ್ನೋದೆಲ್ಲ ಅಂದ್ಕೊಂಡೆ, ಅದಕ್ಕೆ ಮೋಸ ಹೋದೆ." ಆಮೇಲೆ ಸಾಹುಕಾರನ ಕಡೆ ತಿರುಗಿದರು. "ನಿಮ್ಮ ಹೊಟ್ಟೆಗೆ ಅಷ್ಟೂ ಕನ್ನಡ ಬರಲ್ಲ. ತಿಂಡಿ, ಫಲಾರ, ಊಟ, ಅದಕ್ಕೆ ಎಲ್ಲಾ ಒಂದೇ."

ಸಾಹುಕಾರ ತಿಂದದ್ದನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅಕ್ಕಿ ಬೆಂದರೆ ಅನ್ನ, ಅದು ಊಟ. ಅದೇ ಅಕ್ಕಿಯನ್ನು ರುಬ್ಬಿ ಹುಯ್ದರೆ ದೋಸೆ, ಅದು ತಿಂಡಿ. ಅದೇ ಭತ್ತವನ್ನು ಕುಟ್ಟಿದರೆ ಅವಲಕ್ಕಿ, ಅದು ಫಲಾಹಾರ. ಒಂದೇ ಥಾನಿನ ಬಟ್ಟೆಗೆ ಮೂರು ಹೆಸರಿಟ್ಟು ಮಾರಿದ ಹಾಗಾಯಿತಲ್ಲ, ಕೊಂಡವನೂ ನಾನೇ ಆದೆನಲ್ಲ ಎನ್ನಿಸಿತು. ಕೊನೆಗೆ ಮೆಲ್ಲಗೆ ಕೇಳಿದ, "ಹರಕೆ ಮುರೀಬೇಕಾ ತಾಯಿ?"

"ಹರಕೆ ವಿಷಯ ನೀವು ದೇವರು ಮಾತಾಡಿಕೊಳ್ಳಿ. ನಾನು ಕಾಲಿನ ವಿಷಯ ಹೇಳ್ತೀನಿ. ಔಷಧ ತಗೊಳ್ಳೋರು ತುಂಬ ಹಸಿದು ಇರಬಾರದು. ಮೂರು ಹೊತ್ತೂ ತಿನ್ನಿ. ಆದರೆ ಮೂರಕ್ಕೂ ಊಟ ಅಂತಾನೇ ಹೇಳಿ. ಊಟ ಅಂದ್ರೆ ಆಗ ಎಷ್ಟು ಅಂತ ನೋಡ್ತೀರಿ."

ಮರುದಿನದಿಂದ ಆ ಮನೆಯಲ್ಲಿ ತಿಂಡಿ ಎನ್ನುವ ಮಾತು ನಿಂತಿತು. ಬೆಳಗಿನ ಊಟ, ಮಧ್ಯಾಹ್ನದ ಊಟ, ರಾತ್ರಿಯ ಊಟ. ಮಾತು ಬದಲಾದ ಕೂಡಲೇ ಸೌಟು ತಾನಾಗಿಯೇ ಚಿಕ್ಕದಾಯಿತು. ಅನ್ನ, ರವೆ ಕಡಿಮೆಯಾಗಿ ಎಲೆಯ ಅರ್ಧಕ್ಕೆ ಸೊಪ್ಪು ತರಕಾರಿ ಬಂದವು, ಜೊತೆಗೆ ಮೊಳಕೆಕಾಳಿನ ಪಲ್ಯ. ಬೆಲ್ಲದ ಡಬ್ಬಿ ಅಟ್ಟ ಸೇರಿತು. ಅವನು ನಿಜವಾಗಿ ಏನು ತಿನ್ನುತ್ತಾನೆ ಎಂದು ತಿಳಿದ ಮೇಲೆ ಡಾಕ್ಟರಮ್ಮ ಔಷಧವನ್ನೂ ಧೈರ್ಯವಾಗಿ ಏರಿಸಿದರು.

ಕಾಲು ಉಳಿಯಿತೇ ಎಂದು ನಿಮ್ಮ ಮುಖಗಳೇ ಕೇಳುತ್ತಿವೆ. ಎಲ್ಲ ಸರಿಹೋಯಿತು ಎಂದರೆ ನಿಮಗೆ ಸಂತೋಷ, ನನಗೂ ಸುಲಭ. ಆದರೆ ಹಾಗಾಗಲಿಲ್ಲ. ಕಿರುಬೆರಳು ಹೋಯಿತು, ತಡವಾಗಿತ್ತು. ಪಾದ ಉಳಿಯಿತು. ಇವತ್ತಿಗೂ ಅವನು ಗಾದಿಯ ಮೇಲೆ ಕೂತಾಗ ಆ ಖಾಲಿ ಜಾಗವನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾನೆ.

ಈಗ ನಿಮ್ಮ ಕಡೆ ಬರುತ್ತೇನೆ. ನಿಮ್ಮಲ್ಲಿ ಎಷ್ಟು ಜನ ಸಕ್ಕರೆ ಬಿಟ್ಟು ಬೆಲ್ಲ ಹಿಡಿದಿದ್ದೀರಿ? ಕೈ ಎತ್ತಬೇಡಿ, ಮನಸ್ಸಿನಲ್ಲೇ ಹೇಳಿಕೊಳ್ಳಿ. ರಾಗಿ ಒಳ್ಳೆಯದು, ನಿಜ. ಒಳ್ಳೆಯದೆಂದು ಮುದ್ದೆಯ ಮೇಲೆ ಮುದ್ದೆ ನುಂಗಿದರೂ ಏನೂ ಆಗುವುದಿಲ್ಲ ಎಂದು ನಿಮಗೆ ಯಾರು ಹೇಳಿದರು? ಜೇನುತುಪ್ಪ ಔಷಧ, ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ ಎಂದು ಯಾರು ಹೇಳಿದರು? ಮೊಬೈಲಿನಲ್ಲಿ ಬಂತು. ಮೊಬೈಲಿಗೆ ಯಾರು ಹೇಳಿದರು? ಅಳೆದು ನೋಡಿದವರು ಯಾರು? ಬಟ್ಟೆ ಅಂಗಡಿಯಲ್ಲಿ ಎರಡು ಗಜದ ಪಂಚೆಯನ್ನು ಕಣ್ಣೆದುರು ಅಳೆಯಿಸದೆ ಕೊಳ್ಳದ ನೀವು, ದೇಹದೊಳಗೆ ಇಳಿಸುವುದನ್ನು ಮಾತ್ರ ಯಾರೋ ಅಂದರು ಎಂದು ಇಳಿಸಿಬಿಡುತ್ತೀರಿ. ನಾನು ಡಾಕ್ಟರನಲ್ಲ, ನಿಮಗೆ ಔಷಧ ಹೇಳುವುದಿಲ್ಲ. ನನ್ನ ಮಾತನ್ನೂ ಹಾಗೇ ನುಂಗಬೇಡಿ. ಬಲ್ಲವರ ಬಳಿ ಹೋಗಿ ಪರೀಕ್ಷೆ ಮಾಡಿಸಿ. ಅವರು ಏನು ತಿನ್ನುತ್ತೀರಿ ಎಂದು ಕೇಳಿದಾಗ ಬಾಯಿಗೆ ಹೋದದ್ದನ್ನೆಲ್ಲ ಹೇಳಿ, ಬಾಯಾಡಿಸಿದ ಕೋಡುಬಳೆಯನ್ನೂ ಬಿಡದೆ. ಉಪವಾಸ ಮಾಡುವವರು ಮಾಡಿ, ಮಾತ್ರೆ ನುಂಗುವವರು ಮೊದಲು ಡಾಕ್ಟರನ್ನು ಕೇಳಿ ಮಾಡಿ. ದೇವರಿಗೆ ನೀವು ಬಿಟ್ಟ ಅನ್ನ ಬೇಕಾಗಿಲ್ಲ, ಅನ್ನ ಬಿಟ್ಟು ಉಪ್ಪಿಟ್ಟು ತಿಂದದ್ದಂತೂ ಬೇಡವೇ ಬೇಡ.

ಇವತ್ತೂ ಸೋಮವಾರ. ಹಿಂದಿನ ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿದೆ, ನಿಮ್ಮ ಮನಸ್ಸು ಆಗಲೇ ಅಲ್ಲಿಗೆ ಹೋಗಿದೆ. ನಾನು ಅಡುಗೆಯವರಿಗೆ ಬೆಳಿಗ್ಗೆಯೇ ಹೇಳಿದ್ದೇನೆ. ಇವತ್ತಿನ ಫಲಾಹಾರದಲ್ಲಿ ಫಲ ಇದೆ. ಪರಂಗಿ, ಸೀಬೆ, ಹೆಸರುಬೇಳೆ ಕೋಸಂಬರಿ, ಮಜ್ಜಿಗೆ, ಒಂದೇ ಒಂದು ಸೌಟು ಉಪ್ಪಿಟ್ಟು. ಕುಳಿತು ನಿಧಾನವಾಗಿ ತಿನ್ನಿ.

ಮನೆಗೆ ಹೋಗುತ್ತೀರಿ. ಬಾಗಿಲಲ್ಲೇ ಮನೆಯವರು ಕೇಳುತ್ತಾರೆ, "ಊಟ ಆಯ್ತಾ?" ಇಷ್ಟು ದಿನ ಏನೆನ್ನುತ್ತಿದ್ದಿರಿ? "ಎಲ್ಲಿ ಊಟ, ಮಠದಲ್ಲಿ ಬರೀ ಫಲಾರ" ಎಂದು ಇನ್ನೊಂದು ತಟ್ಟೆ ಹಾಕಿಸಿಕೊಳ್ಳುತ್ತಿದ್ದಿರಿ. ಇವತ್ತು ಚಪ್ಪಲಿ ಬಿಡುವಾಗ ಒಮ್ಮೆ ನಿಮ್ಮ ಕಿರುಬೆರಳನ್ನು ನೋಡಿಕೊಳ್ಳಿ. ನೋಡಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿ.

"ಆಯ್ತು."