ಯಾರೂ ಮುಟ್ಟದ ಹಣ್ಣು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ನಮ್ಮ ಜಾಮ್ ಕಾರ್ಖಾನೆಯ ಮ್ಯಾನೇಜರ್ ಅವರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಹಳೆಯ ಮೇಷ್ಟ್ರೇ, ಕುರ್ಚಿ ಸಿಗದೆ ಹಿಂದೆ ನಿಂತಿರುವ ನನ್ನ ಜೊತೆ ಕೆಲಸಗಾರರೇ, ಸಭಿಕರೇ,

ಈ ಮೈಕು ನನ್ನ ಎತ್ತರಕ್ಕಿಲ್ಲ, ಕ್ಷಮಿಸಿ. ಮ್ಯಾನೇಜರ್ ಅವರು ಬೆಳಿಗ್ಗೆ ಕರೆದು, “ಇಲ್ಲಿನ ಮೂಲನಿವಾಸಿ ಹುಡುಗಿ ನೀನು. ನಾಲ್ಕು ಮಾತು ಹೇಳು, ಒಂದು ಚಮಚ ಬಾಯಿಗಿಟ್ಟು ನಗು, ಫೋಟೊ ತೆಗೀತಾರೆ, ಮುಗೀತು” ಎಂದರು. ಚಮಚ ಕೈಯಲ್ಲಿದೆ. ನಗುವುದು ಆಮೇಲಾಗಲಿ.

ಇಂದು ಬಿಡುಗಡೆಯಾದ ಈ ಜಾಮ್ ಬಾಟಲಿಯ ಮೇಲೆ ‘ಯಾರೂ ಮುಟ್ಟದ ಇಳಿಜಾರಿನ ಹಣ್ಣು’ ಎಂದು ಅಚ್ಚಾಗಿದೆ. ಜಾಹೀರಾತಿನಲ್ಲಿ ಇಷ್ಟೊಂದು ನಿಜವನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೌದು, ಯಾರೂ ಮುಟ್ಟಿಲ್ಲ. ಏಕೆ ಮುಟ್ಟಿಲ್ಲ ಎಂದು ಯಾರಾದರೂ ಕೇಳಿದಿರಾ?

ನನ್ನ ಅಜ್ಜಿಯ ಅಮ್ಮನ ಕಾಲದಲ್ಲಿ ಜಮೀನು ಬಿಡಿ ಎಂದಾಗ ನಮ್ಮವರು ಬಿಡಲಿಲ್ಲ. ಬಂದೂಕಿನವರು ಅವರನ್ನು ಆ ಇಳಿಜಾರಿಗೆ ಅಟ್ಟಿ, ಸುತ್ತ ಕಾವಲು ನಿಂತು, ಒಂದು ತುತ್ತೂ ಮೇಲೆ ಹೋಗದಂತೆ ನೋಡಿಕೊಂಡರು. ಅದು ಹಣ್ಣಿನ ಕಾಲವಲ್ಲ. ಗಿಡಗಳಲ್ಲಿ ಬರೀ ಎಲೆ. ಎಲೆ ತಿಂದರು. ಇಳಿದು ಬಂದವರಿಗೆ ಗುಂಡು. ಎಲ್ಲ ಮುಗಿದ ಮೇಲೆ ಗಿಡಗಳು ಹಣ್ಣು ಬಿಟ್ಟವು. ಅಂದಿನಿಂದ ಆ ಹಣ್ಣು ಅಲ್ಲಿ ಹಸಿದು ಸತ್ತವರದು.

ಚಿಕ್ಕವಳಿದ್ದಾಗ ನಾನೂ ಕೈ ಚಾಚಿದ್ದೆ. ಅಜ್ಜಿ ಕೈಗೆ ಫಟ್ಟೆಂದು ಹೊಡೆದು, “ಹಸಿದೋರ ತಟ್ಟೆಗೆ ಕೈ ಹಾಕ್ತೀಯಾ?” ಎಂದಳು.

“ಮತ್ತೆ ಹಕ್ಕಿ ತಿನ್ನುತ್ತಲ್ಲಜ್ಜಿ?”

“ಹಕ್ಕಿ ಯಾರ್ನೂ ಓಡಿಸಿಲ್ಲ ಕಣೇ. ಬಾಯ್ಮುಚ್ಕೊಂಡು ನಡಿ.”

ಮುಂದೆ ಭೂಮಿ ಅಳೆಯುವವರು ಬಂದು, “ಅಲ್ಲಿಂದ ಏನಾದ್ರೂ ಕಿತ್ಕೊಂಡು ಬರ್ತೀರಾ?” ಎಂದು ಕೇಳಿದರು. ಅಜ್ಜಿ ಎದೆ ಸೆಟೆಸಿ, “ಒಂದು ಹಣ್ಣೂ ಇಲ್ಲ ಸ್ವಾಮಿ. ನಾವು ಅಂಥೋರಲ್ಲ” ಎಂದಳು. ಯಾರೂ ಬಳಸದ ಜಾಗ ಎಂದು ಬರೆದುಕೊಂಡು ಹೋದರು. ನಾವು ಇಳಿಜಾರು ಕಳೆದುಕೊಂಡದ್ದು ಹೀಗೆ, ಮರ್ಯಾದೆಯಿಂದ ಉತ್ತರ ಕೊಟ್ಟು! ಸುಳ್ಳು ಹೇಳಿ ಒಂದು ಬುಟ್ಟಿ ಕಿತ್ತಿದ್ದರೆ ಉಳಿಯುತ್ತಿತ್ತೇನೋ.

ನಾನು ಶಾಲೆ ಬಿಟ್ಟದ್ದೂ ಅದೇ ಜಾಗಕ್ಕಾಗಿ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಬಾಯಿಗೆ ಬಂತು. ಮೇಷ್ಟ್ರು ನಕ್ಷೆ ಬರೆಸುತ್ತಾ, “ಇಲ್ಲಿ ಖಾಲಿ ಬಿಡ್ರೋ” ಎಂದರು. ನಾನೆದ್ದು, “ಖಾಲಿ ಇಲ್ಲ ಮೇಷ್ಟ್ರೇ, ನಮ್ಮೋರಿದ್ದಾರೆ” ಎಂದೆ. “ಯಾರಿದ್ದಾರೆ? ಎಲ್ಲಿ, ತೋರಿಸು ನೋಡೋಣ.” ತೋರಿಸಲಾಗಲಿಲ್ಲ. ಇಡೀ ತರಗತಿ ನಕ್ಕಿತು. ಚೀಲ ತೆಗೆದುಕೊಂಡು ಹೊರಟವಳು ಮತ್ತೆ ಹೋಗಲಿಲ್ಲ.

ಈ ಕಾರ್ಖಾನೆಗೆ ಸೇರಿದಾಗ ಬರುತ್ತಿದ್ದುದು ಬೇರೆ ತೋಟಗಳ ಹಣ್ಣು. ಇಳಿಜಾರು ಕಾರ್ಖಾನೆಯ ಪಾಲಾಗಿ ಅಲ್ಲಿನ ಹಣ್ಣಿನ ಬುಟ್ಟಿಗಳು ಬಂದಾಗ ನಾನು ಜ್ವರವೆಂದು ರಜೆ ಹಾಕಿದೆ. ಜ್ವರವಿರಲಿಲ್ಲ ಮ್ಯಾನೇಜರ್ ಸರ್, ಕೈ ಏಳಲಿಲ್ಲ. ನಾಳೆ ಉಳಿದ ಹಣ್ಣು ಕೀಳಲು ಲಾರಿ ಹೊರಡುತ್ತದೆ. ಅದನ್ನು ತಡೆಯಲೆಂದೇ ಕೆಲವು ದಿನಗಳಿಂದ ಗೇಟಿನಲ್ಲಿ ನಮ್ಮವರು ಅಡ್ಡ ಕೂತಿದ್ದಾರೆ. ನಿಮ್ಮನ್ನೆಲ್ಲ ಹಿಂಬಾಗಿಲಿನಿಂದ ಕರೆತಂದದ್ದು ಅದಕ್ಕೇ. ಅಲ್ಲಿ ಮುಂದೆ ಕೂತವಳು ನನ್ನ ಚಿಕ್ಕಮ್ಮ. ಅವಳ ಒಲೆ ಉರಿಯುವುದು ನನ್ನ ಸಂಬಳದಿಂದ. ದಿನಾ ಅವಳನ್ನು ದಾಟಿಯೇ ಕೆಲಸಕ್ಕೆ ಬರುತ್ತೇನೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು, “ತಿಂಡಿ ತಿಂದ್ಯೇನೇ?” ಎನ್ನುತ್ತಾಳೆ, ಅಷ್ಟೇ.

ಫೋಟೊ ತೆಗೆಯುವವರೇ, ಕ್ಯಾಮೆರಾ ಇಳಿಸಿ. ನಿಮ್ಮ ಕೈ ನೋಯುತ್ತದೆ. ನಾನು ತಿನ್ನುವುದಿಲ್ಲ.

ಮೇಷ್ಟ್ರೇ, ಯಾರಿದ್ದಾರೆ ತೋರಿಸು ಎಂದಿದ್ದಿರಿ. ಇಗೋ, ಈ ಬಾಟಲಿಯಲ್ಲಿದ್ದಾರೆ. ಇವರನ್ನು ವಾಪಸ್ ಮೇಲಕ್ಕೆ ಕರೆದುಕೊಂಡು ಹೋಗುತ್ತೇನೆ. ಹಿಂಬಾಗಿಲಿನಿಂದಲ್ಲ, ಮುಂದಿನ ಗೇಟಿನಿಂದ. ಚಿಕ್ಕಮ್ಮ ಕೇಳಿದರೆ ಇನ್ನೂ ತಿಂದಿಲ್ಲ ಎನ್ನುತ್ತೇನೆ.

ಇಷ್ಟು ಹೊತ್ತು ಮೈಕು ಆರಿಸದೆ ಬಿಟ್ಟದ್ದಕ್ಕೆ ಧನ್ಯವಾದ. ಚಮಚ ಮೇಜಿನ ಮೇಲಿದೆ, ಒರೆಸುವ ಅಗತ್ಯವಿಲ್ಲ. ನಮಸ್ಕಾರ.