ಮೇಷ್ಟ್ರು ಕೇಳಿದ ಒಂದು ಉದಾಹರಣೆ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಆಡಳಿತ ಮಂಡಳಿಯ ಹಿರಿಯರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಮೇಷ್ಟ್ರೇ, ಅವರನ್ನು ಇಷ್ಟು ವರ್ಷ ನಮಗೆ ಬಿಟ್ಟುಕೊಟ್ಟ ಅವರ ಶ್ರೀಮತಿಯವರೇ, ಮತ್ತು ಮುಂದಿನ ಕುರ್ಚಿಗಳನ್ನೆಲ್ಲ ಖಾಲಿ ಬಿಟ್ಟು ಬಾಗಿಲ ಹತ್ತಿರವೇ ಜಾಗ ಹಿಡಿದಿರುವ ನನ್ನ ಪ್ರೀತಿಯ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಇಪ್ಪತ್ತನಾಲ್ಕು ವರ್ಷಕ್ಕೆ ಐದು ನಿಮಿಷ! ನಿರೂಪಕರು ಆಗಲೇ ಗಡಿಯಾರ ನೋಡಿದರು. ನೋಡಲಿ. ಈ ಕಂಪನಿಗೆ ಬರುವ ಮೊದಲು ನಾನು ಟೆಲಿಫೋನ್ ವಿಚಾರಣೆಯಲ್ಲಿ, ಕೇಳಿದವರಿಗೆ ನಂಬರ್ ಹುಡುಕಿಕೊಡುವ ಕೆಲಸದಲ್ಲಿ, ಒಂಬತ್ತು ವರ್ಷ ಇದ್ದೆ. ಒಂದು ಕರೆಗೆ ನಲವತ್ತು ಸೆಕೆಂಡು, ಅದಕ್ಕಿಂತ ಒಂದು ಮಾತು ಹೆಚ್ಚು ಆಡುವಂತಿರಲಿಲ್ಲ. ಆಗ ನುಂಗಿಕೊಂಡ ಮಾತುಗಳೆಲ್ಲ ಇನ್ನೂ ಹೊಟ್ಟೆಯಲ್ಲೇ ಇವೆ. ಇವತ್ತು ಒಂದಿಷ್ಟು ಹೊರಗೆ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೊಸದಾಗಿ ಸೇರಿದವರಿಗೆ ಒಂದು ಮಾತು ಹೇಳಬೇಕು. ನಮ್ಮ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಕಟ್ಟಡಕ್ಕೆಲ್ಲ ಬಿಳಿ ಬೋರ್ಡು ಬಂದರೂ ತಮ್ಮ ಕೋಣೆಯಲ್ಲಿ ಕಪ್ಪು ಹಲಗೆಯನ್ನೇ ಉಳಿಸಿಕೊಂಡರು. ಅಂಗಿಯ ತೋಳಿನ ತುಂಬ ಸೀಮೆಸುಣ್ಣ. ಹಾಗಾಗಿ ಆ ಹೆಸರು. ಅವರ ನಿಜವಾದ ಹೆಸರು ಸಂಬಳದ ಚೀಟಿ ಕೊಡುವವರಿಗೆ ಮಾತ್ರ ಗೊತ್ತು.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಯಾರೋ ಫೋನ್ ಮಾಡಿ, ಬೀಗ ರಿಪೇರಿ ಮಾಡೋರ ನಂಬರ್ ಕೊಡಿ ಅಂತಾರೆ. ನೀವೇನು ಮಾಡ್ತೀರಿ?"

"ಮನೆ ಒಳಗಿದೀರಾ, ಹೊರಗಿದೀರಾ ಅಂತ ಕೇಳ್ತೀನಿ ಸರ್."

"ಯಾಕಮ್ಮ?"

"ಹೊರಗಡೆ ಸಿಕ್ಕಿಹಾಕ್ಕೊಂಡಿದ್ರೆ ಹತ್ತಿರದವರ ನಂಬರ್ ಕೊಡ್ಬೇಕು. ಒಳಗಿದ್ರೆ, ಸ್ವಲ್ಪ ದೂರ ಆದ್ರೂ ಒಳ್ಳೆ ಕೆಲಸಗಾರರ ನಂಬರ್ ಕೊಡಬಹುದು."

ಅವರು ಸೀಮೆಸುಣ್ಣ ಕೆಳಗಿಟ್ಟು, "ನಾಳೆಯಿಂದ ಬನ್ನಿ" ಎಂದರು. ನನ್ನ ಓದು ಎಷ್ಟು ಎಂದೂ ಕೇಳಲಿಲ್ಲ. ಕೇಳಿದ್ದರೆ ಇವತ್ತು ನಾನು ಇಲ್ಲಿ ನಿಂತಿರುತ್ತಿರಲಿಲ್ಲ.

ಆಗ ನಮ್ಮ ಕಂಪನಿ ಇಂಟರ್ನೆಟ್ಟಿನಲ್ಲಿ ಕೇಳಿದ್ದನ್ನು ಹುಡುಕಿಕೊಡುವ ಸರ್ಚ್ ಶುರು ಮಾಡಿ ಎರಡು ವರ್ಷವಾಗಿತ್ತು. ಎದುರಾಳಿ ಯಾರು ಎಂದು ನಾನು ಹೇಳಬೇಕಾಗಿಲ್ಲ. ಆಫೀಸಿನಲ್ಲಿ ನಾವು ಆ ಕಂಪನಿಯನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದೆವು. ಮನೆಯಲ್ಲಿ ಯಾರು ಏನೇ ಹೇಳಲಿ, ಕೊನೆಗೆ ದೊಡ್ಡಪ್ಪನ ಮಾತೇ ಮಾತಲ್ಲವೇ? ಹಾಗೆ. ಜಗತ್ತೆಲ್ಲ ದೊಡ್ಡಪ್ಪನನ್ನು ಕೇಳುತ್ತಿತ್ತು. ನಮ್ಮನ್ನು ಕೇಳುತ್ತಿದ್ದವರು ನಾವು ಮತ್ತು ನಮ್ಮ ಮನೆಯವರು.

ಮೂರನೇ ಮಹಡಿಯಲ್ಲಿ ಸಾಮಾನು ಕೋಣೆಯ ಪಕ್ಕ ನನ್ನ ಪರೀಕ್ಷಾ ಕೋಣೆ. ಒಂದು ಮೇಜು, ಅದರ ಮೇಲೆ ಎರಡು ಪರದೆ. ಒಂದರಲ್ಲಿ ನಮ್ಮ ಉತ್ತರ, ಇನ್ನೊಂದರಲ್ಲಿ ದೊಡ್ಡಪ್ಪನ ಉತ್ತರ. ಯಾವುದು ಯಾರದ್ದು ಎಂದು ತಿಳಿಯದ ಹಾಗೆ ಎರಡರ ನೆತ್ತಿಗೂ ಕಂದು ಕಾಗದದ ಪಟ್ಟಿ ಅಂಟಿಸುತ್ತಿದ್ದೆ. ಪ್ರತಿ ಬುಧವಾರ ಬೀದಿಯಿಂದ ಜನರನ್ನು ಕರೆತಂದು, ಚಹಾ ಬಿಸ್ಕತ್ತು ಕೊಟ್ಟು, "ನಿಮಗೆ ಏನು ಬೇಕೋ ಕೇಳಿ, ಯಾವ ಉತ್ತರ ಇಷ್ಟವಾಯ್ತು ಹೇಳಿ" ಎನ್ನುತ್ತಿದ್ದೆ.

ಎಂಥೆಂಥವರು ಬಂದರು! ಒಬ್ಬ ಕ್ಷೌರದಂಗಡಿಯವರು ಬಂದು ಮೊದಲು ತಮ್ಮ ಹೆಸರನ್ನೇ ಹುಡುಕಿದರು. ಎರಡರಲ್ಲೂ ಸಿಗಲಿಲ್ಲ. "ಇಪ್ಪತ್ತು ವರ್ಷದಿಂದ ಇದೇ ಬೀದೀಲಿ ಅಂಗಡಿ ಇಟ್ಟಿದೀನಿ. ನಾನೇ ಗೊತ್ತಿಲ್ಲ ಅಂದ್ಮೇಲೆ ಇದಕ್ಕಿನ್ನೇನು ಗೊತ್ತಿರತ್ತೆ?" ಎಂದು ಎದ್ದು ಹೋದರು. ಬಿಸ್ಕತ್ತು ಮಾತ್ರ ಬಿಡಲಿಲ್ಲ. ಒಬ್ಬ ಬಸ್ ಕಂಡಕ್ಟರು ಅತ್ತ ಇತ್ತ ನೋಡಿ, ಮೆಲ್ಲಗೆ "ಹೆಂಡತಿ ಮಾತು ಬಿಟ್ಟರೆ ಏನು ಮಾಡಬೇಕು" ಎಂದು ಕೇಳಿದರು. ಎರಡೂ ಪರದೆಗಳು ಗಂಟಲಿನ ಡಾಕ್ಟರ ವಿಳಾಸ ಕೊಟ್ಟವು. ಆ ಸಂಜೆ ಮೇಷ್ಟ್ರು ನಕ್ಕು ನಕ್ಕು ಸಾಕಾಗಿ, ಆಮೇಲೆ ಮೂರು ದಿನ ಕೂತು ಅದನ್ನು ಸರಿಮಾಡಿದರು. ಮುಂದಿನ ಬುಧವಾರ ಕಂಡಕ್ಟರನ್ನು ಹುಡುಕಿಕೊಂಡು ನಾನೇ ಬಸ್ ನಿಲ್ದಾಣಕ್ಕೆ ಹೋದೆ. ಅಷ್ಟು ಹೊತ್ತಿಗೆ ಗಂಡ ಹೆಂಡತಿ ರಾಜಿಯಾಗಿದ್ದರು.

ಮೊದಲ ವರ್ಷ ನೂರರಲ್ಲಿ ಹನ್ನೊಂದು ಜನ ನಮ್ಮ ಉತ್ತರ ಮೆಚ್ಚಿದರು. ಐದನೇ ವರ್ಷ ಒಂದು ಬುಧವಾರ ಐವತ್ತಮೂರು. ಐವತ್ತಮೂರು! ಮೇಷ್ಟ್ರು ಕಪ್ಪು ಹಲಗೆಯ ತುಂಬ ಆ ಅಂಕಿ ಬರೆದರು. ಎಂಟು ದಿನ ಯಾರಿಗೂ ಒರೆಸಲು ಬಿಡಲಿಲ್ಲ. ನನ್ನ ಬದುಕಿನಲ್ಲಿ ಅಂಥ ಎಂಟು ದಿನ ಹೆಚ್ಚು ಬಂದಿಲ್ಲ.

ಒಂಬತ್ತನೇ ದಿನ ಆಗಿನ ಅಧ್ಯಕ್ಷರು ಬಂದು, "ಆ ಕಾಗದ ಕಿತ್ತು ಹಾಕಿ, ಹೆಸರು ತೋರಿಸಿ ಕೇಳಿ ನೋಡೋಣ" ಎಂದರು. ಕಿತ್ತೆವು. ಐವತ್ತಮೂರು ಇಪ್ಪತ್ತೊಂಬತ್ತಾಯಿತು. ಮೇಷ್ಟ್ರಿಗೆ ಏನೋ ಹೊಳೆದು ಹೆಸರುಗಳನ್ನು ಅದಲು ಬದಲು ಮಾಡಿಸಿದರು. ನಮ್ಮ ಉತ್ತರದ ಮೇಲೆ ದೊಡ್ಡಪ್ಪನ ಹೆಸರು. ಜನ ಅದನ್ನೇ ತೋರಿಸಿ "ಇದೇ ಚೆನ್ನಾಗಿದೆ" ಎಂದರು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ನನಗೆ ಜನರ ಮೇಲೆ ಕೆಟ್ಟ ಕೋಪ ಬಂತು. ಮೇಷ್ಟ್ರಿಗೆ ಬರಲಿಲ್ಲ.

"ಅವರದ್ದೇನೂ ತಪ್ಪಿಲ್ಲಮ್ಮ. ಕಷ್ಟ ಬಂದಾಗ ಯಾರೇ ಆಗಲಿ ಗೊತ್ತಿರೋ ಬಾಗಿಲನ್ನೇ ತಟ್ಟೋದು. ನನಗೆ ನೂರು ಜನ ಬೇಡ. ನಿಜವಾಗ್ಲೂ ಕಷ್ಟ ಬಂದಾಗ ನಮ್ಮನ್ನ ಕೇಳೋ ಒಂದೇ ಒಂದು ಮನೆ ಇದ್ರೆ ಸಾಕು."

"ನಮ್ಮ ಮನೆ ಇದೆಯಲ್ಲ ಸರ್" ಎಂದೆ ನಾನು. ದೊಡ್ಡ ಧೈರ್ಯದಿಂದ ಹೇಳಿದೆ.

ಅದೇ ವರ್ಷದ ಕೊನೆಗೆ ಆಡಳಿತ ಮಂಡಳಿ ಸರ್ಚಿನ ಭವಿಷ್ಯ ತೀರ್ಮಾನಿಸಲು ಸಭೆ ಕರೆಯಿತು. ಹಿಂದಿನ ದಿನ ಮೇಷ್ಟ್ರು ನನ್ನ ಕೋಣೆಗೆ ಬಂದರು. ಕುರ್ಚಿಯಲ್ಲಿ ಕೂರದೆ ಮೇಜಿನ ತುದಿಗೆ ಒರಗಿ ನಿಂತರು.

"ಅವರಿಗೆ ಅಂಕಿ ಸಂಖ್ಯೆ ಸಾಕಾಗಿದೆಯಂತೆ. ಒಂದು ನಿಜವಾದ ಉದಾಹರಣೆ ಕೊಡಿ ಅಂತಿದಾರೆ. ಒಂದು ಮನೇಲಿ, ಕಷ್ಟದ ಹೊತ್ತಲ್ಲಿ, ದೊಡ್ಡಪ್ಪ ತಪ್ಪಿದ ಕಡೆ ನಾವು ಸರಿಯಾಗಿ ಹೇಳಿದ್ದು. ಒಂದೇ ಒಂದು. ನಿಮ್ಮ ಹತ್ರ ಇದೆಯೇನಮ್ಮ? ಇದ್ರೆ ನಾನು ಹೋರಾಡ್ತೀನಿ."

"ಇಲ್ಲ ಸರ್. ಅಂಥದ್ದು ಯಾವುದೂ ಇಲ್ಲ" ಎಂದೆ.

ಅವರು "ಹೋಗ್ಲಿ ಬಿಡಿ. ನಿಮ್ಮ ಮನೇಲಾದ್ರೂ ನಡೀತಾ ಇದೆಯಲ್ಲ" ಎಂದು ಹೊರಟು ಹೋದರು. ಸಭೆಯಾಯಿತು. ಸರ್ಚಿಗೆ ಉಸಿರಾಡುವಷ್ಟು ಜನರನ್ನು ಬಿಟ್ಟು ಉಳಿದವರನ್ನೆಲ್ಲ ಟಿವಿ ಪೆಟ್ಟಿಗೆಯ ವಿಭಾಗಕ್ಕೆ ಕಳಿಸಿದರು. ಮೇಷ್ಟ್ರ ಕಪ್ಪು ಹಲಗೆಯೂ ಎರಡು ಮಹಡಿ ಕೆಳಗೆ ಇಳಿಯಿತು.

ಪೆಟ್ಟಿಗೆಯ ಕಥೆ ನಿಮಗೆಲ್ಲ ಗೊತ್ತು. ಟಿವಿಗೆ ಜೋಡಿಸಿದರೆ ಸಿನಿಮಾ, ಹಾಡು, ಆಟ ಎಲ್ಲವೂ ಒಂದೇ ಕಡೆ. ಮನೆ ಮನೆಯ ಟಿವಿಯ ಕೆಳಗೆ ನಮ್ಮದೇ ಪೆಟ್ಟಿಗೆ ಇರಬೇಕೆಂಬ ಕನಸು. ಮೊದಲ ರಿಮೋಟಿನಲ್ಲಿ ನಲವತ್ತನಾಲ್ಕು ಗುಂಡಿ! ಪರೀಕ್ಷೆಗೆ ಅದು ನಮ್ಮ ಮನೆಗೇ ಬಂತು. ನಮ್ಮ ಮಾವನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಏನಮ್ಮಾ ಇದು, ಟಿವಿ ನೋಡೋದಕ್ಕಾ, ವಿಮಾನ ಹಾರಿಸೋದಕ್ಕಾ?" ಎಂದರು. ಮೇಷ್ಟ್ರು ಮುಂದಿನ ಭಾನುವಾರವೇ ಮನೆಗೆ ಬಂದರು. ಸೋಫಾ ಬಿಟ್ಟು ನೆಲದ ಮೇಲೆ ಕೂತು, ಮಾವನವರ ಹೆಬ್ಬೆರಳು ಎಲ್ಲಿಗೆ ಹೋಗುತ್ತದೆ ಎಂದು ಇಡೀ ಮಧ್ಯಾಹ್ನ ನೋಡಿದರು. ಹನ್ನೊಂದು ಭಾನುವಾರ ಹೀಗೆ ಬಂದರು. ಕೊನೆಗೆ ಒಂಬತ್ತು ಗುಂಡಿ ಉಳಿಯಿತು. ಮಾತಾಡಿ ಹುಡುಕುವ ಗುಂಡಿ ಬಂದಾಗ ಮಾವನವರು ಅದಕ್ಕೆ ಗೌರವ ಕೊಟ್ಟೇ ಮಾತಾಡಿಸುತ್ತಿದ್ದರು. "ಸ್ವಾಮಿ, ತಮಗೆ ಬಿಡುವಿದ್ರೆ ಒಂದು ಹಳೇ ಹಾಡು ಹಾಕ್ತೀರಾ?" ಪೆಟ್ಟಿಗೆಗೆ ಸ್ವಾಮಿ ಯಾರೆಂದು ತಿಳಿಯದೆ ಒದ್ದಾಡುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಮುದುಕರಿಗೆ ಸರಿಯಾಗಿ ಕೇಳುವುದನ್ನು ಕಲಿಸುತ್ತಿದ್ದರು. ಮೇಷ್ಟ್ರು ಪೆಟ್ಟಿಗೆಗೆ ಮರ್ಯಾದೆ ಕಲಿಸಿದರು.

ಮಾವನವರು ಈಗಿಲ್ಲ. ಪೆಟ್ಟಿಗೆ ಹೋದ ವರ್ಷ ನಿಂತಿತು. ಬರುವ ಶುಕ್ರವಾರ ಸರ್ಚೂ ಮುಚ್ಚುತ್ತದೆ. ಎರಡು ಕಡೆಯೂ ಸೋತೆವು. ಆದರೂ ಆ ಭಾನುವಾರಗಳು ನೆನಪಾದರೆ, ಸೋತವರ ಮನೆ ಅಷ್ಟು ಗಲಗಲ ಅನ್ನುತ್ತಿತ್ತೇ ಎಂದು ನನಗೇ ಆಶ್ಚರ್ಯವಾಗುತ್ತದೆ.

ನಾನು ಚೀಟಿಯಲ್ಲಿ ಬರೆದುಕೊಂಡು ಬಂದದ್ದು ಇಷ್ಟೇ. ಇಲ್ಲಿಗೆ ನಿಲ್ಲಿಸಿದರೆ ನಿರೂಪಕರಿಗೂ ಸಂತೋಷ. ಆದರೆ ಮೇಷ್ಟ್ರು ಎದುರಿಗೆ ಕೂತು, "ಇಲ್ಲ ಸರ್" ಅಂದವಳ ಭಾಷಣಕ್ಕೆ ಚಪ್ಪಾಳೆ ತಟ್ಟುತ್ತಿದ್ದಾರೆ. ಅದನ್ನು ನೋಡಿಕೊಂಡು ಹೇಗೆ ಇಳಿಯಲಿ?

ಮೇಷ್ಟ್ರೇ, ಉದಾಹರಣೆ ಇತ್ತು.

ನೀವು ಕೇಳುವುದಕ್ಕೆ ಮೂರು ವಾರ ಮೊದಲು, ಒಂದು ಭಾನುವಾರ ಬೆಳಿಗ್ಗೆ, ಮೂರು ವರ್ಷದ ನನ್ನ ಮಗಳು ನೆಲ ಒರೆಸುವ ದ್ರಾವಣ ಕುಡಿದುಬಿಟ್ಟಳು. ಬಾಟಲಿ ಕೈಯಲ್ಲೇ ಇತ್ತು, ಬಾಯಲ್ಲಿ ನೊರೆ ಇತ್ತು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಕಂಪ್ಯೂಟರಿನ ಮುಂದೆ ನಿಂತೆ. ಆಫೀಸು ಕೊಟ್ಟ ಕಂಪ್ಯೂಟರು. ನಮ್ಮ ಸರ್ಚ್ ಕಣ್ಣೆದುರೇ ತೆರೆದಿತ್ತು. ನಾನು ಅದನ್ನು ದಾಟಿ, ದೊಡ್ಡಪ್ಪನ ವಿಳಾಸ ಟೈಪ್ ಮಾಡಿ, ಅಲ್ಲಿ ಕೇಳಿದೆ.

ಕಾಗದದ ಪಟ್ಟಿ ಅಂಟಿಸಿ ಜನರನ್ನೆಲ್ಲ ಪರೀಕ್ಷೆ ಮಾಡಿದವಳು, ಜನರ ಮೇಲೆ ಕೋಪ ಮಾಡಿಕೊಂಡವಳು, ಬೆರಳು ಒಂದು ಕ್ಷಣವೂ ತಡೆಯದೆ ಅಲ್ಲಿಗೆ ಹೋದೆ.

ಮೊದಲ ಮೂರು ಉತ್ತರ ಅದೇ ದ್ರಾವಣ ಮಾರುವವರದ್ದು. ನಾಲ್ಕನೆಯದು ಯಾರೋ ಬರೆದ ಸಲಹೆ: ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಿ. ನಾನು ಉಪ್ಪು ನೀರು ಕಲಸಿ ಲೋಟ ಮಗುವಿನ ಬಾಯಿಗೆ ಹಿಡಿದೆ. ಮಾವನವರು ಬಂದು ಲೋಟ ಕಿತ್ತುಕೊಂಡರು. "ಅದೇನು ಓದ್ತಾ ನಿಂತಿದೀಯಮ್ಮ, ಮಗು ಎತ್ಕೊಂಡು ನಡಿ ಆಸ್ಪತ್ರೆಗೆ!" ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ ಮೊದಲ ಮಾತು, "ವಾಂತಿ ಮಾಡಿಸಿಲ್ಲ ತಾನೆ? ಮಾಡಿಸಿದ್ರೆ ಗಂಟಲು ಎರಡು ಸಲ ಸುಡ್ತಿತ್ತು."

ಮಗು ಸಂಜೆಗೆ ಚೇತರಿಸಿಕೊಂಡಿತು. ನಾನು ಚೇತರಿಸಿಕೊಳ್ಳಲಿಲ್ಲ. ಸೋಮವಾರ ಪರೀಕ್ಷಾ ಕೋಣೆಯ ಬಾಗಿಲು ಹಾಕಿಕೊಂಡು, ಭಾನುವಾರ ಬರೆದ ಅದೇ ಮಾತುಗಳನ್ನು ನಮ್ಮ ಸರ್ಚಿನಲ್ಲಿ ಬರೆದೆ. ಮೊದಲ ಸಾಲಿನಲ್ಲೇ ಇತ್ತು ಮೇಷ್ಟ್ರೇ. "ವಾಂತಿ ಮಾಡಿಸಬೇಡಿ. ಬಾಟಲಿಯನ್ನೂ ತೆಗೆದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ." ಕೇಳುವವರು ಯಾವ ಅವಸರದಲ್ಲಿದ್ದಾರೆ ಎಂದು ನೋಡಿ ಉತ್ತರ ಮೇಲೆ ತರಬೇಕು ಅಂತ ನೀವು ಆ ವರ್ಷವೆಲ್ಲ ಕಷ್ಟಪಟ್ಟಿದ್ದಿರಲ್ಲ, ಅದು ಕೆಲಸ ಮಾಡಿತ್ತು. ನಾನು ಎರಡೂ ಪುಟ ಮುದ್ರಿಸಿಕೊಂಡೆ. ನೀವು ಬಂದು ಕೇಳಿದ ದಿನ ಅವು ನನ್ನ ಚೀಲದಲ್ಲಿದ್ದವು.

ಕೊಡಬೇಕಾದರೆ ನಾನು ಎಲ್ಲಿ ಕೇಳಿದೆ ಎಂದು ಹೇಳಬೇಕಿತ್ತು. "ನಮ್ಮ ಮನೆ ಇದೆಯಲ್ಲ ಸರ್" ಅಂದ ಬಾಯಿಂದಲೇ ಹೇಳಬೇಕಿತ್ತು. ಕೆಲಸ ಹೋಗುತ್ತದೆ ಎಂಬ ಹೆದರಿಕೆಯೂ ಇತ್ತು, ಆದರೆ ನಿಜ ಹೇಳಬೇಕೆಂದರೆ, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ನನ್ನ ಮರ್ಯಾದೆ ಉಳಿಯಲಿ ಎಂದು ನಿಮ್ಮ ಐದು ವರ್ಷದ ಕೆಲಸವನ್ನು ಕೈಬಿಟ್ಟೆ. ಆ ಎರಡು ಹಾಳೆ ಮಂಡಳಿಯ ಮನಸ್ಸು ಬದಲಿಸುತ್ತಿದ್ದವೋ ಇಲ್ಲವೋ ನನಗೆ ಗೊತ್ತಿಲ್ಲ. ನೀವು ಹೋರಾಡುತ್ತಿದ್ದಿರಿ ಎಂಬುದು ಗೊತ್ತು.

ಆಮೇಲೆ ಹತ್ತೊಂಬತ್ತು ವರ್ಷ, ಎಲ್ಲೇ ಸಿಕ್ಕಿದರೂ ನೀವು "ಮನೇಲಿ ನಮ್ಮ ಸರ್ಚ್ ನಡೀತಿದೆ ತಾನೆ?" ಎಂದು ಕೇಳಿದಿರಿ. ನಾನು "ನಡೀತಿದೆ ಸರ್" ಎಂದೆ. ಅದು ಮಾತ್ರ ಸುಳ್ಳಲ್ಲ. ಆ ಸೋಮವಾರದಿಂದ ಇವತ್ತು ಬೆಳಗಿನವರೆಗೆ ನಮ್ಮ ಮನೆಯಲ್ಲಿ ಬೇರೆ ಯಾವುದನ್ನೂ ಕೇಳಿಲ್ಲ. ಅದರಿಂದ ನಿಮಗೆ ಏನು ಪ್ರಯೋಜನವಾಯಿತು?

ಮೇಷ್ಟ್ರು ಈಗ ಚಪ್ಪಾಳೆ ತಟ್ಟುತ್ತಿಲ್ಲ. ಸರಿಯೇ. ಕ್ಷಮಿಸಿ ಎಂದು ಇಷ್ಟು ಜನರ ಮುಂದೆ ಕೇಳಿ ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಒಂದೇ ಮಾತು ಹೇಳಿ ಮುಗಿಸುತ್ತೇನೆ. ನೀವು ನೆಲದ ಮೇಲೆ ಕೂತು ಮಾವನವರ ಹೆಬ್ಬೆರಳು ನೋಡುತ್ತಿದ್ದ ಆ ಹನ್ನೊಂದು ಭಾನುವಾರವೂ ನನ್ನ ಮಗಳು ನಿಮ್ಮ ತೊಡೆಯ ಮೇಲೆ ಕೂತಿರುತ್ತಿದ್ದಳು. ನೀವು ಕೇಳಿದ ಉದಾಹರಣೆ ನಿಮ್ಮ ಅಂಗಿಯ ಗುಂಡಿ ಎಳೆದು ಆಡುತ್ತಿತ್ತು. ನಾನು ನಿಮಗೆ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದೆ.

ಮಾತಾಡಲು ಕರೆದವರಿಗೆ, ತಾಳ್ಮೆಯಿಂದ ಕೇಳಿದ ನಿಮಗೆಲ್ಲರಿಗೂ ಋಣಿಯಾಗಿದ್ದೇನೆ. ಮೇಷ್ಟ್ರೇ, ನಿಮಗೆ ನಮಸ್ಕಾರ.